ಸೋಲುವವನ ಕತ್ತಿ

ಕೆಲವು ವರ್ಷಗಳ ಹಿಂದೆ ನಮ್ಮ ಪ್ರೌಢಶಾಲೆಯ ವಾರ್ಷಿಕೋತ್ಸವಕ್ಕೆ ನಾನೊಂದು ಐತಿಹಾಸಿಕ ನಾಟಕವನ್ನು ಆಡಿಸಿದೆ. ಕೊನೆಯ ಅಂಕದಲ್ಲಿ ಕತ್ತಿಕಾಳಗ. ಒಂಬತ್ತನೆಯ ತರಗತಿಯ ಇಬ್ಬರು ಹುಡುಗರು. ಕೈಯಲ್ಲಿ ತಗಡಿನ ಕತ್ತಿ. ಸಭಿಕರ ಚಪ್ಪಾಳೆ ಏರಿದಂತೆಲ್ಲ ಗೆಲ್ಲಬೇಕಾದ ಹುಡುಗನ ಹುರುಪೂ ಏರಿತು. ಅಭ್ಯಾಸದಲ್ಲಿ ಇಲ್ಲದ ಏಟೊಂದನ್ನು ಹೆಚ್ಚಾಗಿ ಹಾಕಿಬಿಟ್ಟ. ತಗಡಿನ ಅಂಚು ಇನ್ನೊಬ್ಬನ ಹುಬ್ಬನ್ನು ಸೀಳಿತು. ಒಂದು ಬೆರಳಿನಷ್ಟು ಕೆಳಕ್ಕೆ ಬಿದ್ದಿದ್ದರೆ ಕಣ್ಣೇ ಹೋಗುತ್ತಿತ್ತು. ವೈದ್ಯರು ಹೊಲಿಗೆ ಹಾಕುತ್ತಿದ್ದಾಗ, “ಏಟನ್ನು ತಡೆಯಬಾರದಿತ್ತೇನೋ?” ಎಂದು ಕೇಳಿದೆ. “ನಾನು ಸೋಲಬೇಕಾದವನಲ್ಲವೇ ಸಾರ್, ಅದಕ್ಕೇ ತಡೆಯಲಿಲ್ಲ” ಎಂದ ಹುಡುಗ.

ತಪ್ಪು ಅವನದಲ್ಲ, ನನ್ನದು. ನಾನು ಮಾತನ್ನು ಕಲಿಸಿದ್ದೆ, ಕೈಯನ್ನು ಕಲಿಸಿರಲಿಲ್ಲ. ಚಲಚ್ಚಿತ್ರಗಳಲ್ಲಿ ಈ ಕಾಳಗಗಳನ್ನು ಹೇಗೆ ನಡೆಸುತ್ತಾರೆಂದು ತಿಳಿಯುವ ಹಂಬಲ ನನಗೆ ಹುಟ್ಟಿದ್ದು ಆಮೇಲೆಯೇ. ತಿಳಿಯುತ್ತ ಹೋದಂತೆ ಒಂದು ಸೋಜಿಗ ಎದುರಾಯಿತು: ಬೆಳ್ಳಿತೆರೆಯ ಶ್ರೇಷ್ಠ ಖಡ್ಗಗಾರರಲ್ಲಿ ಕೆಲವರು ಗೆದ್ದವರಲ್ಲ, ಸೋತವರು, ಇಲ್ಲವೇ ಮುಖವನ್ನೇ ತೋರಿಸದವರು.

ಗರಡಿಯ ಕತ್ತಿವರಸೆಗೂ ತೆರೆಯ ಕತ್ತಿವರಸೆಗೂ ಗುರಿಯೇ ಬೇರೆ. ಪಂದ್ಯದಲ್ಲಿ ಕೈಯ ಚಲನೆ ಆದಷ್ಟು ಕಿರಿದಾಗಿರಬೇಕು. ಎದುರಾಳಿಗೆ ಅದು ಕಾಣಬಾರದು. ತೆರೆಯ ಮೇಲೆ ಅದು ದೊಡ್ಡದಾಗಿರಬೇಕು. ಕೊನೆಯ ಸಾಲಿನಲ್ಲಿ ಕುಳಿತವನಿಗೂ ಕಾಣಬೇಕು. ಪಂದ್ಯದಲ್ಲಿ ಏಟು ತಾಗಿದರೆ ಗೆಲುವು; ಇಲ್ಲಿ ತಾಗಿದರೆ ಅನಾಹುತ. ತಾಗುವಂತೆ ಕಂಡು ತಾಗದಿರುವುದೇ ಈ ವಿದ್ಯೆಯ ಸಾರ. ಬೆಲ್ಜಿಯಂ ದೇಶದಿಂದ ಹಾಲಿವುಡ್ಡಿಗೆ ಹೋದ ಫ್ರೆಡ್ ಕೇವನ್ಸ್ ಎಂಬ ಖಡ್ಗಗುರು ಈ ಮರ್ಮವನ್ನು ಚೆನ್ನಾಗಿ ಬಲ್ಲವನಾಗಿದ್ದ. ಚಲನೆಯನ್ನು ಹಿಗ್ಗಿಸಬೇಕು, ಆದರೆ ಶಾಸ್ತ್ರ ಕೆಡಬಾರದು ಎಂಬುದು ಅವನ ನಿಯಮ.

ಕೇವನ್ಸನ ಗರಡಿಯಲ್ಲಿ ಪಳಗಿದವರ ಪೈಕಿ ಬೇಸಿಲ್ ರಾತ್‌ಬೋನ್ ಎಂಬ ನಟನಿಗೆ ಮೊದಲ ಸಾಲಿನ ಸ್ಥಾನವಿದೆ. 1892ರಲ್ಲಿ ಜೋಹಾನ್ಸ್‌ಬರ್ಗಿನಲ್ಲಿ ಹುಟ್ಟಿದ ಈತ ಮೊದಲನೆಯ ಮಹಾಯುದ್ಧದಲ್ಲಿ ಹೋರಾಡಿ ಶೌರ್ಯಪದಕ ಪಡೆದವನು. ಕತ್ತಿಯ ವಿದ್ಯೆಯಲ್ಲಿ ತೆರೆಯ ನಾಯಕರನ್ನು ಮೀರಿಸಿದವನು. ಆದರೂ 1935ರ ‘ಕ್ಯಾಪ್ಟನ್ ಬ್ಲಡ್’ ಚಿತ್ರದಲ್ಲಿಯೂ 1938ರ ‘ರಾಬಿನ್ ಹುಡ್’ ಚಿತ್ರದಲ್ಲಿಯೂ ಎರಾಲ್ ಫ್ಲಿನ್ನನ ಕತ್ತಿಗೆ ಬಲಿಯಾದ. 1940ರ ‘ದಿ ಮಾರ್ಕ್ ಆಫ್ ಜೋರೋ’ದಲ್ಲಿ ಟೈರೋನ್ ಪವರನ ಕತ್ತಿಗೆ ಬಲಿಯಾದ. ಆಗ ರಾತ್‌ಬೋನನಿಗೆ ನಲವತ್ತೆಂಟು, ಪವರನಿಗೆ ಇಪ್ಪತ್ತಾರು ವರ್ಷ. ‘ರಾಬಿನ್ ಹುಡ್’ ಚಿತ್ರದ ಕೊನೆಯ ಕಾಳಗದಲ್ಲಿ ಇಬ್ಬರೂ ಹೋರಾಡುತ್ತ ಕಂಬದ ಮರೆಗೆ ಸರಿದಾಗ ಅವರ ಬೃಹತ್ ನೆರಳುಗಳು ಮಾತ್ರ ಕಾದಾಡುತ್ತವೆ, ಕಂಡವರು ಮರೆಯಲಾರರು. ಆ ನಾಯಕ ಅಷ್ಟು ದೊಡ್ಡವನಾಗಿ ಕಂಡದ್ದು ಬೀಳುವವನು ಅಷ್ಟು ಬಲ್ಲವನಾಗಿದ್ದುದರಿಂದ.

ನಮ್ಮ ಅಲಂಕಾರಶಾಸ್ತ್ರಕ್ಕೆ ಇದು ಹೊಸ ಮಾತೇನಲ್ಲ. ‘ಕವಿರಾಜಮಾರ್ಗ’ಕ್ಕೆ ಆಧಾರವಾದ ‘ಕಾವ್ಯಾದರ್ಶ’ದಲ್ಲಿ ದಂಡಿ ಇದನ್ನೇ ಹೇಳುತ್ತಾನೆ. ಶತ್ರುವಿನ ವಂಶ, ವೀರ್ಯ, ವಿದ್ಯೆಗಳನ್ನೂ ಬಣ್ಣಿಸಿ, ಅಂಥವನನ್ನು ಗೆದ್ದನೆಂದು ಹೇಳುವುದರಿಂದ ನಾಯಕನ ಉತ್ಕರ್ಷವನ್ನು ತೋರಿಸುವ ರೀತಿ ತನಗೆ ಮೆಚ್ಚುಗೆ ಎಂಬುದು ಅವನ ಅಭಿಪ್ರಾಯ. ರನ್ನನ ‘ಗದಾಯುದ್ಧ’ದಲ್ಲಿ ಗೆದ್ದವನು ಭೀಮ, ಓದಿ ಮುಗಿಸಿದ ಮೇಲೆ ಮನಸ್ಸಿನಲ್ಲಿ ನಿಲ್ಲುವವನು ದುರ್ಯೋಧನ. ರಾತ್‌ಬೋನನನ್ನು ನೋಡಿದಾಗ ನನಗೆ ನೆನಪಾಗುವುದು ಆ ಛಲದಂಕಮಲ್ಲನೇ.

ಇನ್ನು ಮುಖ ತೋರಿಸದವರ ಕಥೆ. ಇಂಗ್ಲೆಂಡಿನ ಬಾಬ್ ಆಂಡರ್ಸನ್ 1922ರಲ್ಲಿ ಹುಟ್ಟಿದವನು. 1952ರ ಹೆಲ್ಸಿಂಕಿ ಒಲಿಂಪಿಕ್ ಕ್ರೀಡೆಗಳಲ್ಲಿ ತನ್ನ ದೇಶದ ಪರವಾಗಿ ಕತ್ತಿ ಹಿಡಿದವನು. 1953ರ ‘ದಿ ಮಾಸ್ಟರ್ ಆಫ್ ಬ್ಯಾಲಂಟ್ರೇ’ ಚಿತ್ರಕ್ಕಾಗಿ ಫ್ಲಿನ್ನನೊಡನೆ ಕೆಲಸ ಮಾಡುವಾಗ ಇವನ ಕತ್ತಿ ಫ್ಲಿನ್ನನ ತೊಡೆಗೆ ತಗುಲಿತು. ಅಂಥ ಪರಿಣತರಿಗೇ ಹೀಗಾಗುವುದಾದರೆ ನಮ್ಮ ಹುಡುಗರ ಪಾಡೇನು ಎಂದು ಓದುಗರೇ ಊಹಿಸಿಕೊಳ್ಳಬಹುದು.

‘ಸ್ಟಾರ್ ವಾರ್ಸ್’ ಚಿತ್ರಮಾಲೆಯಲ್ಲಿ ಡಾರ್ತ್ ವೇಡರ್ ಎಂಬ ಕರಿಯ ಮುಖವಾಡದ ಪಾತ್ರವೊಂದಿದೆ. ಅದರ ದೇಹ ಡೇವಿಡ್ ಪ್ರೌಸ್ ಎಂಬವನದು. ದನಿ ಜೇಮ್ಸ್ ಅರ್ಲ್ ಜೋನ್ಸ್ ಎಂಬವನದು. 1980 ಮತ್ತು 1983ರ ಚಿತ್ರಗಳಲ್ಲಿ ಆ ಮುಖವಾಡ ತೊಟ್ಟು ಕತ್ತಿ ಬೀಸಿದವನು, ಅರುವತ್ತರ ಹೊಸ್ತಿಲಿನಲ್ಲಿದ್ದ ಈ ಆಂಡರ್ಸನ್. ಇದು ಗುಟ್ಟಾಗಿಯೇ ಇತ್ತು. ಎದುರು ನಿಂತು ಕಾದಾಡಿದ ಮಾರ್ಕ್ ಹ್ಯಾಮಿಲ್ ಎಂಬ ನಟನೇ 1983ರಲ್ಲಿ, ಇಷ್ಟು ದುಡಿದವನಿಗೆ ಸಲ್ಲಬೇಕಾದ ಹೆಸರು ಸಲ್ಲದಿರುವುದು ನ್ಯಾಯವಲ್ಲವೆಂದು ಬಹಿರಂಗವಾಗಿ ಹೇಳಿದ. 1987ರ ‘ದಿ ಪ್ರಿನ್ಸೆಸ್ ಬ್ರೈಡ್’ ಚಿತ್ರಕ್ಕೆ ಆಂಡರ್ಸನ್ನನೂ ಪೀಟರ್ ಡೈಮಂಡ್ ಎಂಬವನೂ ಸೇರಿ ಇಬ್ಬರು ನಟರಿಗೆ ಎಡಗೈ, ಬಲಗೈ ಎರಡರಲ್ಲೂ ವರಸೆ ಕಲಿಸಿದರು. ಅಲ್ಲಿನ ಕಾಳಗದ ಬಹುಭಾಗವನ್ನು ಬದಲಿಯವರಿಲ್ಲದೆ ನಟರೇ ಆಡಿದರು. ಆಂಡರ್ಸನ್ 2012ರಲ್ಲಿ ತೀರಿಕೊಂಡ.

ಕತ್ತಿಗಳ ವಿಷಯವೂ ಹೀಗೆಯೇ, ಕಂಡದ್ದೊಂದು, ಇರುವುದೊಂದು. 2001ರಿಂದ 2003ರವರೆಗೆ ಬಿಡುಗಡೆಯಾದ ‘ಲಾರ್ಡ್ ಆಫ್ ದಿ ರಿಂಗ್ಸ್’ ಚಿತ್ರಗಳಿಗೆ ನ್ಯೂಜಿಲೆಂಡಿನಲ್ಲಿ ಪೀಟರ್ ಲಿಯಾನ್ ಎಂಬ ಕಮ್ಮಾರ ಉಕ್ಕಿನ ಕತ್ತಿಗಳನ್ನು ಬಡಿದುಕೊಟ್ಟ. ಕಾಳಗಕ್ಕೆ ಹಗುರವಾದ ಅಲ್ಯುಮಿನಿಯಂ ಕತ್ತಿ, ಬೀಳುವ ಏಳುವ ಸಾಹಸಕ್ಕೆ ರಬ್ಬರಿನಂಥ ಮೆತ್ತನೆಯ ಕತ್ತಿ ಬೇರೆ ಇದ್ದವು. ಜಪಾನಿನ ಚಿತ್ರಗಳಲ್ಲಿ ಬಿದಿರಿನ ಸೀಳಿಗೆ ಬೇಗಡೆ ಹಚ್ಚಿದ ಕತ್ತಿಗಳುಂಟು. ಖಣಖಣವೆಂಬ ಸದ್ದನ್ನು ಬಹುಮಟ್ಟಿಗೆ ಆಮೇಲೆ ಸೇರಿಸುತ್ತಾರೆ. ರೇಡಿಯೋ ನಾಟಕಗಳನ್ನು ಕೇಳಿ ಬಲ್ಲ ನಮಗೆ ಇದು ಆಶ್ಚರ್ಯವಲ್ಲ. ‘ಸ್ಟಾರ್ ವಾರ್ಸ್’ನ ಬೆಳಕಿನ ಕತ್ತಿಗೆ ಅಲಗೇ ಇಲ್ಲ. ನಟರ ಕೈಯಲ್ಲಿದ್ದುದು ಬರಿಯ ಕೋಲು. ಬೆಳಕನ್ನು ಆಮೇಲೆ ಚಿತ್ರದ ಮೇಲೆ ಕೂಡಿಸಿದರು. ಅದರ ಗುಂಯ್‌ಗುಡುವ ದನಿಯನ್ನು ಬೆನ್ ಬರ್ಟ್ ಎಂಬ ಧ್ವನಿತಜ್ಞ ಪ್ರೊಜೆಕ್ಟರಿನ ಮೋಟಾರು ಮತ್ತು ಟೆಲಿವಿಷನ್ನಿನ ಚಿತ್ರಕೊಳವೆಗಳ ಸದ್ದನ್ನು ಬೆರೆಸಿ ತಯಾರಿಸಿದ.

ಕೊನೆಗೆ ಒಂದು ಜಪಾನೀ ಚಿತ್ರದ ಮಾತು. 1954ರಲ್ಲಿ ಅಕಿರಾ ಕುರೊಸಾವಾ ನಿರ್ದೇಶಿಸಿದ ‘ಸೆವೆನ್ ಸಮುರಾಯ್’ ಚಿತ್ರದಲ್ಲಿ ಕ್ಯೂಜೋ ಎಂಬ ಮಿತಭಾಷಿ ಖಡ್ಗವೀರನಿದ್ದಾನೆ. ಮೊದಲು ಕೋಲು ಹಿಡಿದು ಒಬ್ಬನೊಡನೆ ಪಂದ್ಯವಾಡುತ್ತಾನೆ. ಸಮಸಮವಾಯಿತೆಂದು ಎದುರಾಳಿ ಹೇಳುತ್ತಾನೆ. ಇಲ್ಲ, ನಿಜವಾದ ಕತ್ತಿಯಾಗಿದ್ದರೆ ನೀನು ಸತ್ತಿರುತ್ತಿದ್ದೆ ಎನ್ನುತ್ತಾನೆ ಕ್ಯೂಜೋ. ಅವಮಾನವಾದಂತಾಗಿ ಎದುರಾಳಿ ನಿಜವಾದ ಕತ್ತಿಯನ್ನೇ ಹಿರಿಯುತ್ತಾನೆ. ಕ್ಷಣದಲ್ಲಿ ಪ್ರಾಣ ಬಿಡುತ್ತಾನೆ. ಈ ಪಾತ್ರ ವಹಿಸಿದ ಸೇಜಿ ಮಿಯಾಗುಚಿ ಅದಕ್ಕೆ ಮುಂಚೆ ಕತ್ತಿವರಸೆಯನ್ನೇ ಅರಿಯದವನು. ಯೋಶಿಯೋ ಸುಗಿನೋ ಎಂಬ ಹಿರಿಯ ಗುರು ಆ ಚಿತ್ರದ ಕಾಳಗಗಳನ್ನು ತಿದ್ದಿದವನು. ಕೈಯಲ್ಲಿ ಇಲ್ಲದಿದ್ದ ವಿದ್ಯೆಯನ್ನು ನಿಲುವಿನಲ್ಲಿ, ನೋಟದಲ್ಲಿ, ಅಲುಗದ ಭುಜದಲ್ಲಿ ಆ ನಟ ತಂದುಕೊಟ್ಟ. ಅಂಥ ಕ್ಯೂಜೋ ಕೊನೆಗೆ ಸಾಯುವುದು ದೂರದಿಂದ ಬಂದ ಬಂದೂಕಿನ ಗುಂಡಿನಿಂದ. ಕತ್ತಿಯ ಕಾಲ ಮುಗಿಯಿತೆಂಬುದನ್ನು ಕುರೊಸಾವಾ ಭಾಷಣವಿಲ್ಲದೆ ಹೇಳಿಬಿಟ್ಟ.

ಮಾರನೆಯ ವರ್ಷವೂ ನಾಟಕ ಆಡಿಸಿದೆ. ತಗಡು ಬೇಡವೆಂದು ತೆಳು ಮರಪಟ್ಟಿಗೆ ಬೇಗಡೆ ಸುತ್ತಿಸಿ, ತುದಿ ಅಂಚುಗಳನ್ನು ಮೊಂಡು ಮಾಡಿಸಿದೆ. ಹನ್ನೆರಡು ಏಟು, ಹನ್ನೆರಡು ತಡೆ; ಒಂದೊಂದಕ್ಕೂ ಎಣಿಕೆ. ಮೊದಲ ವಾರವೆಲ್ಲ ಮೆಲ್ಲಗೆ. ಪ್ರತಿ ಏಟಿಗೆ ಮುಂಚೆ ಒಬ್ಬರ ಕಣ್ಣನ್ನೊಬ್ಬರು ನೋಡಲೇಬೇಕು. ಎದುರಿನವನು ಸಿದ್ಧನಿಲ್ಲದಿದ್ದರೆ ಕೈ ಏಳಕೂಡದು. ಇಬ್ಬರಲ್ಲಿ ಹೆಚ್ಚು ಬಲ್ಲವನಿಗೆ ಸೋಲುವ ಪಾತ್ರ. ಇಬ್ಬರಿಗೂ ಆ ಎಣಿಕೆಯನ್ನು ದಿನವೂ ಹೇಳಿಸಿದವನು, ಹುಬ್ಬಿನ ಮೇಲೆ ಗೆರೆ ಉಳಿದಿದ್ದ ಆ ಹುಡುಗನೇ. ನಾಟಕದ ದಿನ ಚಪ್ಪಾಳೆ ಮುಗಿಲು ಮುಟ್ಟಿತು. ಕತ್ತಿ ಯಾರಿಗೂ ಮುಟ್ಟಲಿಲ್ಲ.