ಮಾದರಿ ಕಾರುಗಳ ಬಣ್ಣಗಾರಿಕೆ: ವೆಚ್ಚವೆಲ್ಲಿ, ಲಾಭವೆಲ್ಲಿ?

ನಿಜವಾದ ಕಾರನ್ನು ನಿಗದಿತ ಪ್ರಮಾಣದಲ್ಲಿ ಕುಗ್ಗಿಸಿ, ಬಿಡಿಭಾಗಗಳಾಗಿ ಪೆಟ್ಟಿಗೆಯಲ್ಲಿಟ್ಟು ಮಾರುವ ಪ್ಲಾಸ್ಟಿಕ್ ಕಿಟ್‌ಗಳು ಮೇಲ್ನೋಟಕ್ಕೆ ಮಕ್ಕಳ ಆಟಿಕೆಗಳಂತೆ ಕಂಡರೂ, ಅವುಗಳನ್ನು ಕೊಂಡು ಜೋಡಿಸುವವರಲ್ಲಿ ವಯಸ್ಕರ ಸಂಖ್ಯೆ ದೊಡ್ಡದು. ಈ ವ್ಯವಹಾರದಲ್ಲಿ ಕಿಟ್ಟಿನ ಬೆಲೆ ಒಂದು ಭಾಗ ಮಾತ್ರ. ಬಣ್ಣಗಾರಿಕೆಗೆ ಬೇಕಾದ ಸಾಮಗ್ರಿ ಮತ್ತು ಶ್ರಮ ಅಷ್ಟೇ ಮುಖ್ಯವಾದ ಇನ್ನೊಂದು ಭಾಗ. ಕಿಟ್ ಮಾರುವವರೂ ಸಿದ್ಧ ಮಾದರಿಗಳನ್ನು ತಯಾರಿಸಿಕೊಡುವವರೂ ಇದನ್ನು ಲೆಕ್ಕಕ್ಕೆ ತೆಗೆದುಕೊಳ್ಳುವುದು ಅವಶ್ಯಕ.

ಶಿಜುವೊಕಾದ ಉದಾಹರಣೆ

ಜಪಾನಿನ ಶಿಜುವೊಕಾ ಪ್ರಾಂತ್ಯವು ಈ ಉದ್ಯಮದ ಪ್ರಮುಖ ಕೇಂದ್ರವಾಗಿದೆ. ತಮಿಯಾ, ಹಾಸೆಗಾವಾ, ಅವೊಶಿಮಾ ಸಂಸ್ಥೆಗಳು ಇಲ್ಲಿಯವೇ. 1946ರಲ್ಲಿ ಮರದ ವ್ಯಾಪಾರವಾಗಿ ಆರಂಭಗೊಂಡ ತಮಿಯಾ, ಮೊದಲು ಮರದ ಮಾದರಿಗಳನ್ನು ತಯಾರಿಸಿ, 1960ರಲ್ಲಿ ಪ್ಲಾಸ್ಟಿಕ್ ಕಿಟ್ಟಿಗೆ ಕಾಲಿಟ್ಟಿತು. ಇಂದು ಅದು ಕಿಟ್‌ಗಳೊಡನೆ ಬಣ್ಣ, ಸ್ಪ್ರೇ, ಪಾಲಿಶ್ ಮತ್ತು ಉಪಕರಣಗಳನ್ನೂ ತನ್ನ ಹೆಸರಿನಲ್ಲೇ ಮಾರುತ್ತದೆ. ಯಾವ ಭಾಗಕ್ಕೆ ಯಾವ ಬಣ್ಣವೆಂಬುದನ್ನು ಕಿಟ್ಟಿನ ಸೂಚನಾ ಪತ್ರದಲ್ಲೇ ಸಂಕೇತ ಸಂಖ್ಯೆಯೊಡನೆ ಮುದ್ರಿಸಲಾಗಿರುತ್ತದೆ. ಕಿಟ್ ಒಮ್ಮೆ ಮಾರಾಟವಾದರೆ, ಬಣ್ಣ ಮತ್ತೆ ಮತ್ತೆ ಮಾರಾಟವಾಗುತ್ತದೆ.

ತೆಳು ಲೇಪನವೇಕೆ?

ಕಾರುಗಳ ಕಿಟ್‌ಗಳಲ್ಲಿ 1/24 ಪ್ರಮಾಣವು ಬಹು ಪ್ರಚಲಿತ. ನಾಲ್ಕೂವರೆ ಮೀಟರಿನ ಕಾರು ಈ ಪ್ರಮಾಣದಲ್ಲಿ ಸುಮಾರು 19 ಸೆಂ.ಮೀ. ಆಗುತ್ತದೆ. ನಿಜವಾದ ಕಾರಿನ ಬಾಗಿಲ ಸುತ್ತಲಿನ 4 ಮಿ.ಮೀ. ಸಂದು ಮಾದರಿಯಲ್ಲಿ 0.17 ಮಿ.ಮೀ.ಗೆ ಇಳಿಯುತ್ತದೆ. ಆದರೆ ಬಣ್ಣದ ದಪ್ಪ ತಾನಾಗಿ ಕುಗ್ಗುವುದಿಲ್ಲ. ಒಂದೇ ಸಲ ದಪ್ಪನಾಗಿ ಬಣ್ಣ ಹೊಡೆದರೆ ಸಂದುಗಳು ಮುಚ್ಚಿ, ಮಾದರಿಯು ಅಗ್ಗದ ಆಟಿಕೆಯಂತೆ ಕಾಣುತ್ತದೆ. ಹಲವು ತೆಳು ಕೈ ಬಣ್ಣವೇ ಇದಕ್ಕೆ ಪರಿಹಾರ.

ಕೆಲಸದ ಹಂತಗಳು

1. ಅಚ್ಚಿನಿಂದ ಬಂದ ಜಿಡ್ಡನ್ನು ಸೋಪುನೀರಿನಿಂದ ತೊಳೆದು ಒಣಗಿಸುವುದು.
2. ಅಚ್ಚಿನ ಗೆರೆಗಳನ್ನು ವಾಟರ್ ಪೇಪರಿನಿಂದ ಉಜ್ಜಿ ಅಳಿಸುವುದು.
3. ಪ್ರೈಮರ್ ಹೊಡೆಯುವುದು. ಉಳಿದ ಗೀರು, ಕುಳಿಗಳು ಈ ಹಂತದಲ್ಲಿ ಸ್ಪಷ್ಟವಾಗಿ ಕಾಣುತ್ತವೆ.
4. ಮೂಲ ಬಣ್ಣವನ್ನು ಮೂರು-ನಾಲ್ಕು ತೆಳು ಕೈಗಳಲ್ಲಿ ಹೊಡೆಯುವುದು.
5. ಡೆಕಾಲ್ ಅಂಟಿಸಿ, ಅದು ಪೂರ್ಣ ಒಣಗಿದ ಮೇಲೆ ಪಾರದರ್ಶಕ ಲೇಪನ ಕೊಡುವುದು. ಇದರ ಮೊದಲ ಕೈ ಬಲು ತೆಳುವಾಗಿರಬೇಕು. ಇಲ್ಲವಾದರೆ ಲ್ಯಾಕರ್‌ನ ದ್ರಾವಕವು ಡೆಕಾಲನ್ನು ಕೆಡಿಸಬಹುದು.
6. ಲೇಪನ ಗಟ್ಟಿಯಾದ ಮೇಲೆ 2000 ಅಥವಾ ಅದಕ್ಕೂ ನಯವಾದ ವಾಟರ್ ಪೇಪರಿನಿಂದ ಉಜ್ಜಿ, ಕಾಂಪೌಂಡ್ ಹಚ್ಚಿ ಹೊಳಪು ತರುವುದು.

ಹಂತಹಂತದ ನಡುವಿನ ಒಣಗುವ ಅವಧಿಯನ್ನು ಕಡಿತಗೊಳಿಸುವುದು ಅತ್ಯಂತ ದುಬಾರಿ ಉಳಿತಾಯ. ತೇವ ಹೆಚ್ಚಿರುವ ಮಳೆಗಾಲದಲ್ಲಿ ಲ್ಯಾಕರ್ ಹೊಡೆದರೆ ಬಣ್ಣದ ಮೇಲೆ ಬಿಳಿ ಮಂಜು ಕವಿದಂತಾಗುತ್ತದೆ. ಕರಾವಳಿ, ಮಲೆನಾಡುಗಳಲ್ಲಿ ಈ ಕೆಲಸ ಮಾಡುವವರು ಇದನ್ನು ವಿಶೇಷವಾಗಿ ಗಮನಿಸಬೇಕು.

ಬಣ್ಣಗಳ ಹೊಂದಾಣಿಕೆ

ಲ್ಯಾಕರ್, ಅಕ್ರಿಲಿಕ್, ಎನಾಮೆಲ್ ಎಂಬ ಮೂರು ಬಗೆಗಳು ಬಳಕೆಯಲ್ಲಿವೆ. ಒಣಗಿದ ಲ್ಯಾಕರ್ ಮೇಲೆ ಎನಾಮೆಲ್ ನಿಲ್ಲುತ್ತದೆ. ಎನಾಮೆಲ್ ಮೇಲೆ ಲ್ಯಾಕರ್ ಹೊಡೆದರೆ ಕೆಳಗಿನ ಬಣ್ಣ ಸುಕ್ಕುಗಟ್ಟುವ ಸಂಭವವಿದೆ. ತಮಿಯಾದ ಟಿಎಸ್ ಸ್ಪ್ರೇ ಗಟ್ಟಿ ಪಾಲಿಸ್ಟೈರೀನ್ ಕಿಟ್‌ಗಳಿಗೆ ತಯಾರಾದದ್ದು. ಪಿಎಸ್ ಸ್ಪ್ರೇ ರೇಡಿಯೊ ನಿಯಂತ್ರಿತ ಕಾರುಗಳ ಪಾರದರ್ಶಕ ಪಾಲಿಕಾರ್ಬೊನೇಟ್ ಹೊದಿಕೆಗೆ ಒಳಮೈಯಿಂದ ಹೊಡೆಯುವಂಥದು. ಒಂದರ ಬದಲು ಇನ್ನೊಂದನ್ನು ಕೊಟ್ಟರೆ ಗ್ರಾಹಕನ ಕಿಟ್ ಹಾಳಾಗುತ್ತದೆ, ಅಂಗಡಿಯ ಹೆಸರೂ ಕೆಡುತ್ತದೆ.

ವೆಚ್ಚದ ಲೆಕ್ಕ

ಕಿಟ್ಟಿಗೆ ರೂ. 3,000, ಸಾಮಗ್ರಿಗೆ ರೂ. 1,000, ಗಂಟೆಗೆ ರೂ. 150ರಂತೆ 20 ಗಂಟೆಗಳ ಶ್ರಮಕ್ಕೆ ರೂ. 3,000 ಎಂದಿಟ್ಟುಕೊಂಡರೆ ಒಟ್ಟು ವೆಚ್ಚ ರೂ. 7,000. ಅದರ ಮೇಲೆ ಶೇ. 20ರ ಲಾಭವೆಂದರೆ ರೂ. 1,400. ಪ್ರೈಮರ್ ಹಂತದಲ್ಲಿ ಕಂಡ ದೋಷವನ್ನು ಒಂದು ಗಂಟೆಯ ಶ್ರಮದಿಂದ, ಅಂದರೆ ರೂ. 150ರಲ್ಲಿ ಸರಿಪಡಿಸಬಹುದು. ಅದೇ ದೋಷ ಪಾರದರ್ಶಕ ಲೇಪನದ ನಂತರ ಕಂಡುಬಂದು, ಬಣ್ಣ ತೆಗೆದು ಮತ್ತೆ ಹೊಡೆಯಲು 10 ಗಂಟೆ ಹಿಡಿದರೆ ಶ್ರಮದ ವೆಚ್ಚವೇ ರೂ. 1,500. ಲಾಭವೆಲ್ಲ ಹೋಗಿ ಕೈಯಿಂದ ರೂ. 100 ಕಟ್ಟಬೇಕಾಗುತ್ತದೆ. ಆದುದರಿಂದ ಪ್ರೈಮರ್ ನಂತರದ ತಪಾಸಣೆಯನ್ನು ಎಂದಿಗೂ ಕೈಬಿಡಬಾರದು.

ಒಣಗುವ ಅವಧಿಗೆ ಕೂಲಿ ತಗಲುವುದಿಲ್ಲವಾದರೂ ಬಂಡವಾಳ ಸಿಕ್ಕಿಕೊಂಡಿರುತ್ತದೆ. ಒಂದೇ ಬಣ್ಣದ ನಾಲ್ಕೈದು ಮಾದರಿಗಳನ್ನು ಒಟ್ಟಿಗೆ ಕೈಗೆತ್ತಿಕೊಂಡರೆ ಗನ್ ತೊಳೆಯುವ ಸಮಯವೂ ತಿನ್ನರೂ ಉಳಿಯುತ್ತವೆ. ವರ್ಷಾಂತ್ಯದಲ್ಲಿ ಅರೆಸಿದ್ಧ ಮಾದರಿಗಳನ್ನು ದಾಸ್ತಾನಿನಲ್ಲಿ ತೋರಿಸುವಾಗ, ಅದುವರೆಗೆ ತಗಲಿದ ಶ್ರಮವನ್ನೂ ಸೇರಿಸತಕ್ಕದ್ದು.

ವರ್ತಕರ ಗಮನಕ್ಕೆ

ಸುಂಕ ಪಟ್ಟಿಯ 9503ನೇ ಶೀರ್ಷಿಕೆಯು ಆಟಿಕೆಗಳೊಡನೆ ಪ್ರಮಾಣಬದ್ಧ ಮಾದರಿಗಳನ್ನೂ ಒಳಗೊಂಡಿದೆ. ಆಟಿಕೆಗಳ ಮೇಲಿನ ಮೂಲ ಸೀಮಾ ಸುಂಕವನ್ನು 2020ರಲ್ಲಿ ಶೇ. 20ರಿಂದ ಶೇ. 60ಕ್ಕೂ, 2023ರಲ್ಲಿ ಶೇ. 70ಕ್ಕೂ ಏರಿಸಲಾಯಿತು. ಆಮದಿನ ಆದೇಶಕ್ಕೆ ಮುನ್ನ ಚಾಲ್ತಿಯಲ್ಲಿರುವ ದರವನ್ನು ಪರಿಶೀಲಿಸಿಕೊಳ್ಳುವುದು ಒಳಿತು. ಸ್ಪ್ರೇ ಡಬ್ಬಿ ಮತ್ತು ಲ್ಯಾಕರ್ ತಿನ್ನರ್ ಬೇಗ ಹೊತ್ತಿಕೊಳ್ಳುವ ವಸ್ತುಗಳಾದುದರಿಂದ ವಿಮಾನ ಸಾಗಣೆಯಲ್ಲಿ ಅಪಾಯಕಾರಿ ಸರಕುಗಳ ವರ್ಗಕ್ಕೆ ಸೇರುತ್ತವೆ. ಅವುಗಳ ದಾಸ್ತಾನಿಗೆ ಗಾಳಿಯಾಡುವ, ಬೆಂಕಿಯಿಂದ ದೂರವಾದ ಸ್ಥಳ ಬೇಕು.

ದೂರದಿಂದ ತರಿಸುವುದು ಇಷ್ಟು ತೊಡಕಿನದಾದ ಕಾರಣ, ಮಾದರಿಗಳಿಗೆ ಹೊಂದುವ ಬಣ್ಣವನ್ನು ಸಣ್ಣ ಬಾಟಲಿಗಳಲ್ಲಿ ಸ್ಥಳೀಯವಾಗಿ ತಯಾರಿಸುವ ಕಿರು ಉದ್ದಿಮೆದಾರರಿಗೆ ಇಲ್ಲಿ ಅವಕಾಶವಿದೆ. ಹಾಗೆ ತಯಾರಿಸಿದ ಬಣ್ಣವು ಪ್ರತಿ ಸಲವೂ ಒಂದೇ ಛಾಯೆಯಲ್ಲಿ ಬರಬೇಕು. ಅರ್ಧ ಮುಗಿದ ಮಾದರಿಗೆ ಬೇರೆ ಛಾಯೆಯ ಬಾಟಲಿ ಕೊಂಡ ಗ್ರಾಹಕ ಮತ್ತೆ ಬರಲಾರ.