ಧನುಷ್ಕೋಟಿಗೂ ರೈಲು ಹೋಗುತ್ತಿತ್ತು

ಕಾಶಿ-ರಾಮೇಶ್ವರ ಯಾತ್ರೆ ಮುಗಿಸಿ ಬಂದ ನಮ್ಮ ಕಡೆಯ ಹಿರಿಯರು ಧನುಷ್ಕೋಟಿಯ ಮರಳಿನ ಬಗ್ಗೆ ಹೇಳುತ್ತಾರೆ, ರೈಲಿನ ಬಗ್ಗೆ ಯಾರೂ ಹೇಳಲ್ಲ. ನನಗೋ ಹಳಿ ಅಂದ್ರೆ ಸಾಕು, ಅದು ಎಲ್ಲಿಂದ ಎಲ್ಲಿಗೆ ಅಂತ ತಿಳಿಯೋವರೆಗೆ ಸಮಾಧಾನ ಇಲ್ಲ. ಅಮ್ಮನ ಜೊತೆ ಅಲ್ಲಿಗೆ ಹೋದಾಗ ಅವರು ಸಮುದ್ರದ ಕಡೆ ನಡೆದರೆ, ನಾನು ಪಾಳುಬಿದ್ದ ರೈಲು ನಿಲ್ದಾಣದ ಗೋಡೆಗಳ ಕಡೆ ನಡೆದೆ.

1914ರ ಫೆಬ್ರವರಿಯಲ್ಲಿ ಪಾಂಬನ್ ಸೇತುವೆ ತೆರೆದ ಮೇಲೆ ಈ ಮಾರ್ಗಕ್ಕೆ ಜೀವ ಬಂತು. ಮದ್ರಾಸಿನಲ್ಲಿ ಒಂದೇ ಟಿಕೆಟ್ ತಗೊಂಡರೆ ಮುಗೀತು: ಧನುಷ್ಕೋಟಿವರೆಗೆ ರೈಲು, ಅಲ್ಲಿಂದ ತಲೈಮನ್ನಾರ್‌ಗೆ ಹಡಗು, ಆಮೇಲೆ ಕೊಲಂಬೊಗೆ ಮತ್ತೆ ರೈಲು. ಬೋಟ್ ಮೇಲ್ ಅಂತ ಕರೀತಿದ್ರು. ಪಾಂಬನ್‌ನಲ್ಲಿ ಹಳಿ ಕವಲೊಡೆದು ಒಂದು ರಾಮೇಶ್ವರಕ್ಕೆ, ಇನ್ನೊಂದು ಧನುಷ್ಕೋಟಿಗೆ ಹೋಗುತ್ತಿತ್ತು. ಮೀನುಗಾರರ ಊರಿಗೆ ಕಸ್ಟಮ್ಸ್ ಕಚೇರಿ, ಅಂಚೆ ಕಚೇರಿ, ಶಾಲೆ ಎಲ್ಲ ಇದ್ದವು.

1964ರ ಡಿಸೆಂಬರ್ 22ರ ರಾತ್ರಿ ಚಂಡಮಾರುತ ಬಂತು. ಪಾಂಬನ್‌ನಿಂದ ಹೊರಟ 653ನೇ ನಂಬರಿನ ಪ್ಯಾಸೆಂಜರ್ ಧನುಷ್ಕೋಟಿಯ ಹತ್ತಿರ ನಿಂತಿತು. ಸಿಗ್ನಲ್ ಕೆಟ್ಟಿತ್ತಂತೆ. ಚಾಲಕ ಸ್ವಲ್ಪ ಹೊತ್ತು ಕಾದು, ಸೀಟಿ ಊದಿ, ಗಾಡಿ ಮುಂದೆ ಬಿಟ್ಟ ಅಂತಾರೆ. ದೈತ್ಯ ಅಲೆ ಆರು ಬೋಗಿಗಳನ್ನೂ ನುಂಗಿತು. ಒಳಗಿದ್ದವರು ನೂರಕ್ಕೂ ಹೆಚ್ಚು ಜನ. ಸಿಗ್ನಲ್ ಕೆಟ್ಟರೆ ಗಾಡಿ ನಿಲ್ಲಬೇಕು ಅನ್ನೋದು ರೈಲ್ವೆಯ ಮೂಲ ಪಾಠ, ನಮ್ಮ ಸಾಫ್ಟ್‌ವೇರ್‌ನಲ್ಲೂ ಅದೇ ಲೆಕ್ಕ. ಆದರೆ ಆ ನಿಯಮ ಇರೋದು ಎದುರಿನಿಂದ ಇನ್ನೊಂದು ಗಾಡಿ ಬಂದೀತು ಅಂತ. ಪಕ್ಕದಿಂದ ಸಮುದ್ರವೇ ಬಂದರೆ? ಆ ಚಾಲಕನನ್ನು ದೂರೋಕೆ ನನಗೆ ಮನಸ್ಸು ಬರಲ್ಲ.

ಅದೇ ಬಿರುಗಾಳಿ ಪಾಂಬನ್ ಸೇತುವೆಯನ್ನೂ ಕಿತ್ತುಹಾಕಿತ್ತು. ಅದನ್ನು ಆರು ತಿಂಗಳಲ್ಲಿ ಸರಿ ಮಾಡಿ ಅಂದರೆ 46 ದಿನಕ್ಕೇ ಮುಗಿಸಿದವರು ಇ. ಶ್ರೀಧರನ್. ಮುಂದೆ ನಮ್ಮ ಕಾರವಾರ, ಉಡುಪಿಗೆ ಕೊಂಕಣ ರೈಲು ತಂದವರು ಇವರೇ.

ಧನುಷ್ಕೋಟಿಯ ಹಳಿಯನ್ನು ಮಾತ್ರ ಮತ್ತೆ ಹಾಕಲಿಲ್ಲ. ವಾಸಕ್ಕೆ ಯೋಗ್ಯವಲ್ಲ ಅಂತ ಸರ್ಕಾರ ಊರನ್ನೇ ಕೈಬಿಟ್ಟಿತು. ಹಡಗು ರಾಮೇಶ್ವರದಿಂದ ಹೊರಡತೊಡಗಿತು. ಶ್ರೀಲಂಕಾದ ಅಂತರ್ಯುದ್ಧ ಶುರುವಾದ ಮೇಲೆ ಅದೂ ನಿಂತಿತು.

2019ರ ಮಾರ್ಚ್‌ನಲ್ಲಿ ರಾಮೇಶ್ವರದಿಂದ 17 ಕಿಲೋಮೀಟರ್ ಹೊಸ ಹಳಿಗೆ ಅಡಿಗಲ್ಲು ಬಿತ್ತು. ಅಮ್ಮ ‘ರೈಲು ಬಂದ್ರೆ ಎಷ್ಟು ಚೆನ್ನ’ ಅಂತಾರೆ. ನನಗೆ ಹಾಗನ್ನಿಸಲ್ಲ. ಎರಡೂ ಕಡೆ ಸಮುದ್ರ, ನಡುವೆ ಜಾರುವ ಮರಳಿನ ಪಟ್ಟಿ. ಪ್ರವಾಸಿಗರಿಗೆ 2017ರಲ್ಲಿ ಆದ ರಸ್ತೆಯೇ ಸಾಕು. ಅಲ್ಲಿ ಇನ್ನೂ ಗುಡಿಸಲು ಹಾಕಿಕೊಂಡಿರುವ ಮೀನುಗಾರರು ಮರಳಲ್ಲಿ ಗುಂಡಿ ತೋಡಿ ಸಿಹಿನೀರು ತೆಗೆಯುತ್ತಾರೆ. ಖರ್ಚು ಮಾಡೋದೇ ಆದ್ರೆ ಮೊದಲು ಅವರಿಗೊಂದು ನಲ್ಲಿ ಹಾಕಿಸಲಿ.