ಮೊದಲು ಹೋಗುವುದು ಹಾಡಿನ ಪೀರಿಯಡ್

ಹೈಸ್ಕೂಲಿನ ವೇಳಾಪತ್ರಿಕೆಯನ್ನು ಜೂನ್ ತಿಂಗಳಲ್ಲಿ ಬರೆದು ಗೋಡೆಗೆ ಹಚ್ಚಿದರೆ ಮಾರ್ಚ್‌ವರೆಗೂ ಅದೇ ನಡೆಯುತ್ತದೆ ಎಂದು ಬಹಳ ಪಾಲಕರು ತಿಳಿದಿರುತ್ತಾರೆ. ಹಾಗೆ ನಡೆಯುವುದಿಲ್ಲ. ಬಿಸಿಲು ಏರಿದರೆ ಅದು ಬದಲಾಗುತ್ತದೆ, ಹೊಳೆ ಬಂದರೆ ಬದಲಾಗುತ್ತದೆ, ಶಿಕ್ಷಕರಿಗೆ ಬೇರೆ ಕೆಲಸ ಬಿದ್ದರೆ ಬದಲಾಗುತ್ತದೆ. ಪರೀಕ್ಷೆ ಹತ್ತಿರ ಬಂದಾಗಂತೂ ಹಳೆಯ ಪಟ್ಟಿಯ ಮೇಲೆ ಹೊಸ ಪಟ್ಟಿ ಬಂದು ಕೂರುತ್ತದೆ.

ನಾನು ಕನ್ನಡ ಕಲಿಸುವ ಶಿಕ್ಷಕಿ. ಬೀಳಗಿ ಮತ್ತು ಬನಹಟ್ಟಿ ಕಡೆ ಕೆಲಸ ಮಾಡಿ ಈಗ ಮುಧೋಳ ತಾಲ್ಲೂಕಿನ ಒಂದು ಸರ್ಕಾರಿ ಪ್ರೌಢಶಾಲೆಯಲ್ಲಿದ್ದೇನೆ. ಪಟ್ಟಿ ಬದಲಾದಾಗಲೆಲ್ಲ ಚಿತ್ರಕಲೆ, ಹಾಡು, ಗ್ರಂಥಾಲಯ, ಚರ್ಚೆಗೆಂದು ಇಟ್ಟ ಪೀರಿಯಡ್‌ಗಳೇ ಮೊದಲು ಹೋಗುವುದನ್ನು ನೋಡುತ್ತ ಬಂದಿದ್ದೇನೆ. ಆ ಜಾಗಕ್ಕೆ ಗಣಿತ, ವಿಜ್ಞಾನ, ಇಂಗ್ಲಿಷ್ ಬರುತ್ತವೆ. ‘ಸಿಲೆಬಸ್ ಮುಗೀಬೇಕಲ್ರಿ’ ಎನ್ನುವ ಮಾತಿಗೆ ಯಾರೂ ಎದುರಾಡುವುದಿಲ್ಲ. ನಾನು ಎದುರಾಡುತ್ತೇನೆ. ಬೀಳಗಿ, ರಬಕವಿ-ಬನಹಟ್ಟಿ, ಮುಧೋಳ, ಜಮಖಂಡಿ ಎಂಬ ನಮ್ಮ ನಾಲ್ಕು ತಾಲ್ಲೂಕುಗಳ ಮಕ್ಕಳಿಗೆ ಆ ಪೀರಿಯಡ್ ಏಕೆ ಬೇಕು ಎಂಬುದನ್ನು ಹೇಳಲೆಂದೇ ಈ ಲೇಖನ.

ಗಂಟೆ ಏಕೆ ಬದಲಾಗುತ್ತದೆ

ಎಲ್ಲರಿಗೂ ಗೊತ್ತಿರುವ ಬದಲಾವಣೆ ಶನಿವಾರದ್ದು. ಅಂದು ಮುಂಜಾನೆ ಸಾಲಿ. ಮಧ್ಯಾಹ್ನದೊಳಗೆ ಬಿಡಬೇಕಾದ್ದರಿಂದ ಪೀರಿಯಡ್‌ಗಳು ಕಡಿಮೆ. ಇನ್ನು ಬಿಸಿಲು: ಏಪ್ರಿಲ್, ಮೇ ತಿಂಗಳಲ್ಲಿ ಬಾಗಲಕೋಟೆ, ವಿಜಯಪುರ ಜಿಲ್ಲೆಗಳಲ್ಲಿ ಮತ್ತು ಕಲಬುರಗಿ ವಿಭಾಗದಲ್ಲಿ ಸರ್ಕಾರಿ ಕಚೇರಿಗಳೇ ಬೆಳಿಗ್ಗೆ 8ರಿಂದ ಮಧ್ಯಾಹ್ನ 1.30ರವರೆಗೆ ನಡೆಯುತ್ತವೆ. ಅಂಥ ನಾಡಿನಲ್ಲಿ ತಗಡಿನ ಮಾಡಿನ ಕೋಣೆಯೊಳಗೆ ಮಕ್ಕಳನ್ನು ಸಂಜೆವರೆಗೆ ಕೂರಿಸಲು ಯಾರಿಗೂ ಮನಸ್ಸು ಬರುವುದಿಲ್ಲ.

ಮೂರನೆಯದು ಹೊಳೆ. 2019ರ ಆಗಸ್ಟ್‌ನಲ್ಲಿ ಕೃಷ್ಣಾ, ಘಟಪ್ರಭಾ ಎರಡೂ ತುಂಬಿ ಬಂದವು. ಜಮಖಂಡಿ, ಮುಧೋಳ ಭಾಗದ ಹೊಳೆದಂಡೆಯ ಊರುಗಳು ನೀರಿನಲ್ಲಿ ನಿಂತವು, ಶಾಲೆಯ ಕೋಣೆಗಳು ಪರಿಹಾರ ಕೇಂದ್ರಗಳಾದವು. ನೀರು ಇಳಿದ ಮೇಲೆ ಹೋದ ದಿನಗಳನ್ನು ರಜಾದಿನಗಳಲ್ಲಿ, ಸಂಜೆಯ ಹೆಚ್ಚುವರಿ ತರಗತಿಗಳಲ್ಲಿ ತುಂಬಿಕೊಳ್ಳಬೇಕಾಯಿತು.

ಈಚಿನ ದೊಡ್ಡ ಬದಲಾವಣೆ 2025ರದು. ಸೆಪ್ಟೆಂಬರ್ 22ಕ್ಕೆ ಸಾಮಾಜಿಕ ಮತ್ತು ಶೈಕ್ಷಣಿಕ ಸಮೀಕ್ಷೆ ಶುರುವಾಯಿತು. ಮನೆಮನೆಗೆ ಹೋದ ಗಣತಿದಾರರಲ್ಲಿ ಹೆಚ್ಚಿನವರು ಶಿಕ್ಷಕರು. ಅಕ್ಟೋಬರ್ 7ಕ್ಕೆ ಮುಗಿಯಬೇಕಿದ್ದ ದಸರಾ ರಜೆ ಸರ್ಕಾರಿ ಮತ್ತು ಅನುದಾನಿತ ಶಾಲೆಗಳಲ್ಲಿ 18ರವರೆಗೆ ಬೆಳೆಯಿತು. ಅದರ ಬೆನ್ನಿಗೇ ದೀಪಾವಳಿ. ಹೋದ ಪಾಠಗಳನ್ನು ಹೆಚ್ಚುವರಿ ತರಗತಿ ನಡೆಸಿ ತುಂಬಿಸುವ ಹೊಣೆ ಶಾಲೆಗಳ ಮೇಲೆ ಬಿತ್ತು.

ಗಂಟೆ ಅರ್ಧ ತಾಸು ಹಿಂದೆ ಮುಂದೆ ಆದರೆ ಏನಾಯಿತು ಎನ್ನುವವರು ನಮ್ಮ ಹಳ್ಳಿಗಳ ಬಸ್ಸಿನ ವೇಳೆ ನೋಡಬೇಕು. ಆಲಮಟ್ಟಿ ಹಿನ್ನೀರಿನಿಂದ ಎದ್ದುಬಂದ ಬೀಳಗಿ ತಾಲ್ಲೂಕಿನ ಪುನರ್ವಸತಿ ಕೇಂದ್ರಗಳ ಮಕ್ಕಳಲ್ಲಿ ಎಷ್ಟೋ ಜನ ಬೆಳಗಿನ ಒಂದೇ ಬಸ್ಸನ್ನು ನಂಬಿಕೊಂಡವರು. ಅದು ತಪ್ಪಿದರೆ ಅಂದಿನ ಶಾಲೆಯೇ ತಪ್ಪಿತು. ಬನಹಟ್ಟಿ, ರಬಕವಿಯ ನೇಕಾರ ಮನೆಗಳಲ್ಲಿ ಮಕ್ಕಳು ಶಾಲೆಗೆ ಬರುವ ಮೊದಲು ಕಂಡಿಕೆ ಸುತ್ತಿಟ್ಟು ಬರುತ್ತಾರೆ. ಕಬ್ಬಿನ ಹಂಗಾಮಿನಲ್ಲಿ ಮುಧೋಳ, ಜಮಖಂಡಿ ಕಡೆಯ ಪಾಲಕರು ನಸುಕಿನಲ್ಲೇ ಹೊಲಕ್ಕೆ ಹೋದರೆ ತಮ್ಮ-ತಂಗಿಯರನ್ನು ಅಂಗನವಾಡಿಗೆ ಬಿಟ್ಟು ಬರುವ ಕೆಲಸ ದೊಡ್ಡ ಮಗಳದ್ದು. ಬಿಸಿಯೂಟದ ಅಕ್ಕಂದಿರೂ ಒಲೆ ಹಚ್ಚುವ ಹೊತ್ತನ್ನು ಬದಲಿಸಿಕೊಳ್ಳಬೇಕು. ಇಷ್ಟು ಮನೆಗಳ ದಿನಚರಿ ಒಂದು ಗಂಟೆಗೆ ಕಟ್ಟಿಕೊಂಡಿರುತ್ತದೆ.

ವಾಕ್ಯವೇ ಇಲ್ಲದ ಭಾಷಾ ಪರೀಕ್ಷೆ

ಸಮಯ ಕಡಿಮೆಯಾದಾಗ ಭಾಷೆಯನ್ನು ಎಷ್ಟು ಕಿರಿದು ಮಾಡಬಹುದು ಎಂಬುದಕ್ಕೆ 2021ರ ಎಸ್ಸೆಸ್ಸೆಲ್ಸಿ ದೊಡ್ಡ ಉದಾಹರಣೆ. ಕೋವಿಡ್ ಕಾಲದಲ್ಲಿ ಮಕ್ಕಳ ಜೀವ ಮುಖ್ಯವಾಗಿತ್ತು, ಹಾಗಾಗಿ ಪರೀಕ್ಷೆಯನ್ನು ಎರಡೇ ದಿನಕ್ಕೆ ಇಳಿಸಿದ್ದು ಸರಿಯೇ. ಜುಲೈ 19ರಂದು ಗಣಿತ, ವಿಜ್ಞಾನ, ಸಮಾಜ ವಿಜ್ಞಾನ. ಜುಲೈ 22ರಂದು ಮೂರೂ ಭಾಷೆಗಳು ಸೇರಿ ಒಂದೇ ಪತ್ರಿಕೆ. ಒಂದೊಂದು ಭಾಷೆಗೆ 40 ಪ್ರಶ್ನೆ. ನಾಲ್ಕು ಉತ್ತರಗಳಲ್ಲಿ ಸರಿಯಾದದ್ದಕ್ಕೆ ಓಎಂಆರ್ ಹಾಳೆಯ ವೃತ್ತ ತುಂಬುವುದು.

ಒಂದೂ ವಾಕ್ಯ ಬರೆಯದೆ ಮಕ್ಕಳು ಮಾತೃಭಾಷೆಯ ಪರೀಕ್ಷೆ ಮುಗಿಸಿ ಹೋದರು. ಮುಂದಿನ ವರ್ಷ ನನ್ನ ತರಗತಿಗೆ ಬಂದ ಮಕ್ಕಳ ಕೈಯಲ್ಲೂ ಬರೆಯದೆ ಕಳೆದ ಆ ಕಾಲದ ಪರಿಣಾಮ ಕಂಡೆ. ಅವರೂ ಶಾಲೆ ಮುಚ್ಚಿದ್ದ ಕಾಲದಲ್ಲಿ ಬೆಳೆದವರು. ಕೇಳಿದ ಪ್ರಶ್ನೆಗೆ ಬಾಯಿಂದ ಚೆಂದಾಗಿ ಹೇಳುತ್ತಿದ್ದರು, ಬರೆಯಲು ಕುಳಿತರೆ ಎರಡನೇ ಸಾಲಿಗೆ ಪೆನ್ನು ನಿಲ್ಲುತ್ತಿತ್ತು. ಅವರನ್ನು ಮತ್ತೆ ಬರವಣಿಗೆಗೆ ತಂದದ್ದು ವ್ಯಾಕರಣದ ಅಭ್ಯಾಸವಲ್ಲ. ಅಜ್ಜಿಯಿಂದ ಕೇಳಿದ ಕಥೆ ಬರೆಯುವುದು, ಊರ ಜಾತ್ರೆಯ ವರದಿ ಮಾಡುವುದು, ಪಾಠವನ್ನು ಮಾತುಕತೆಯ ನಾಟಕ ಮಾಡಿ ಆಡುವುದು ಇಂಥ ಕೆಲಸಗಳೇ ಅವರ ಕೈ ಹಿಡಿದವು. ಪಟ್ಟಿಯಲ್ಲಿ ಬೇಡದ ಪೀರಿಯಡ್ ಎಂದು ಕಳೆಯುತ್ತಿದ್ದೆವಲ್ಲ, ಅದರಲ್ಲೇ ಇವೆಲ್ಲ ನಡೆದವು.

ನಮ್ಮೂರ ಲಾವಣಿಯನ್ನು ಹಾಡದೆ ಕಲಿಸುವುದು ಹೇಗೆ?

ಹತ್ತನೇ ತರಗತಿಯ ಪ್ರಥಮ ಭಾಷೆ ಕನ್ನಡ ಪುಸ್ತಕದಲ್ಲಿ ‘ಹಲಗಲಿ ಬೇಡರು’ ಎಂಬ ಲಾವಣಿ ಇದೆ. ಹಲಗಲಿ ಇರುವುದು ನಮ್ಮ ಮುಧೋಳ ತಾಲ್ಲೂಕಿನಲ್ಲಿ. 1857ರಲ್ಲಿ ಆಯುಧಗಳನ್ನು ಒಪ್ಪಿಸಬೇಕೆಂಬ ಕಾನೂನು ಬಂದಾಗ ಹಲಗಲಿಯ ಬೇಡರು ಒಪ್ಪಲಿಲ್ಲ. ನವೆಂಬರ್ ಕೊನೆಗೆ ಬ್ರಿಟಿಷ್ ಸೈನ್ಯ ಊರಿನ ಮೇಲೆ ಬಿತ್ತು, ಮನೆಗಳಿಗೆ ಬೆಂಕಿ ಇಟ್ಟಿತು. ಡಿಸೆಂಬರ್‌ನಲ್ಲಿ ಹಿಡಿದವರಲ್ಲಿ ಹಲವರನ್ನು ಮುಧೋಳದಲ್ಲೂ ಹಲಗಲಿಯಲ್ಲೂ ಗಲ್ಲಿಗೇರಿಸಿದರು. ಸರ್ಕಾರಿ ಕಾಗದಗಳಲ್ಲಿ ದಂಗೆ ಎಂದು ಮುಗಿದುಹೋದ ಸಂಗತಿಯನ್ನು ಲಾವಣಿಕಾರರು ಉಳಿಸಿದರು. ಶಾಸನತಜ್ಞ ಜೆ.ಎಫ್. ಫ್ಲೀಟ್ ಈ ಭಾಗದಲ್ಲಿ ಸಂಗ್ರಹಿಸಿ ಅಚ್ಚುಹಾಕಿಸಿದ ಲಾವಣಿಗಳಲ್ಲಿ ಹಲಗಲಿಯದೂ ಒಂದು.

ಇದನ್ನು ರಾಜ್ಯ ಪಠ್ಯಕ್ರಮದಲ್ಲಿ ಕನ್ನಡ ಪ್ರಥಮ ಭಾಷೆಯಾಗಿರುವ ಎಲ್ಲ ಮಕ್ಕಳೂ ಓದುತ್ತಾರೆ. ನಮ್ಮ ಮಕ್ಕಳು ಆ ಊರಿನ ಹೆಸರು ಬರೆದ ಬಸ್ ಹತ್ತುತ್ತಾರೆ. ಹೀಗಿದ್ದೂ ಹೆಚ್ಚುವರಿ ತರಗತಿಯ ಅವಸರದಲ್ಲಿ ಈ ಪದ್ಯಕ್ಕೆ ಸಿಗುವುದೇನು? ಸಂದರ್ಭ ಸಹಿತ ವಿವರಣೆ, ಎರಡು ಅಂಕದ ನಾಲ್ಕು ಪ್ರಶ್ನೆ, ಕಂಠಪಾಠದ ಕೆಲವು ಸಾಲು. ಒಬ್ಬ ಹುಡುಗ ನನಗೆ ನೇರವಾಗಿ ಹೇಳಿದ್ದ, “ಅಕ್ಕೋರ, ಇದನ್ನ ಓದಿದ್ರ ತಿಳಿಯಂಗಿಲ್ಲ, ಹಾಡಿದ್ರ ತಿಳೀತೈತಿ.” ಅವನ ಮಾತು ಖರೆ ಇತ್ತು. ಲಾವಣಿ ಹುಟ್ಟಿದ್ದೇ ಡಪ್ಪು, ತುಂತುಣಿಯ ಜೊತೆ ಜನರ ಎದುರು ನಿಂತು ಹಾಡಲು. ಅದರ ಸಾಲುಗಳು ಎಲ್ಲಿ ಮುರಿಯುತ್ತವೆ, ಯಾವ ಮಾತಿನ ಮೇಲೆ ಒತ್ತು ಬೀಳುತ್ತದೆ, ಎಲ್ಲಿ ಹಿಮ್ಮೇಳ ಎತ್ತಿಕೊಳ್ಳುತ್ತದೆ ಎಂಬುದು ಕಿವಿಗೆ ಬಿದ್ದಾಗಲೇ ಅರ್ಥ ಬಿಚ್ಚಿಕೊಳ್ಳುತ್ತದೆ.

ಊರಿನ ಹಿರಿಯ ಗೀಗೀ ಪದದ ಕಲಾವಿದರೊಬ್ಬರನ್ನು ಒಂದು ಶನಿವಾರ ಶಾಲೆಗೆ ಕರೆಸಿದೆವು. ಅವರು ಡಪ್ಪು ಹಿಡಿದು ಹಾಡಿದ ಮೇಲೆ ಮಕ್ಕಳು ಪುಸ್ತಕ ತೆರೆದರು. ನಾನು ವಿವರಿಸಬೇಕಾದ ಮಾತು ಬಹಳ ಉಳಿಯಲಿಲ್ಲ. ಪರೀಕ್ಷೆಯ ಉತ್ತರಗಳೂ ತಾವಾಗಿಯೇ ಬಂದವು.

ಅದೇ ಪುಸ್ತಕದಲ್ಲಿ ರನ್ನನ ‘ಗದಾಯುದ್ಧ’ದ ಭಾಗವೂ ಇದೆ. ಸಾವಿರ ವರ್ಷದ ಹಿಂದೆ ಮುಧೋಳದ ಬಳೆಗಾರ ಮನೆತನದಲ್ಲಿ ಹುಟ್ಟಿ, ಓದಿಗಾಗಿ ಶ್ರವಣಬೆಳಗೊಳದ ಕಡೆಗೆ ಹೋದವನು ರನ್ನ. ದುಡಿಯುವ ಮನೆಯ ಹುಡುಗ ಭಾಷೆಯ ಬಲದಿಂದ ಎಷ್ಟು ದೂರ ಹೋಗಬಹುದು ಎಂದು ನೇಕಾರರ, ರೈತರ ಮಕ್ಕಳಿಗೆ ಹೇಳಲು ಇದಕ್ಕಿಂತ ಹತ್ತಿರದ ಉದಾಹರಣೆ ಬೇಕಿಲ್ಲ. ಗದಾಯುದ್ಧದಲ್ಲಿ ಪಾತ್ರಗಳು ಎದುರಾ ಎದುರು ಮಾತಾಡುತ್ತವೆ. ಇಬ್ಬರು ಮಕ್ಕಳನ್ನು ಎದ್ದು ನಿಲ್ಲಿಸಿ ಓದಿಸಿದರೆ ಹಳಗನ್ನಡದ ಭಯ ಅರ್ಧ ಹೋಗುತ್ತದೆ.

ಉಳಿದ ಊರುಗಳೂ ಬರಿಗೈಯಲ್ಲಿಲ್ಲ. ಬೀಳಗಿಯಲ್ಲಿ ಹುಟ್ಟಿದ ಅಮೀರಬಾಯಿ ಕರ್ನಾಟಕಿ ಮುಂಬೈಗೆ ಹೋಗಿ 1943ರ ‘ಕಿಸ್ಮತ್’ ಸಿನಿಮಾದ ಹಾಡುಗಳಿಂದ ದೇಶಕ್ಕೆಲ್ಲ ಪರಿಚಿತರಾದರು. ವಿದ್ವಾಂಸ ರಹಮತ್ ತರೀಕೆರೆಯವರು ಅಮೀರಬಾಯಿಯ ಬದುಕಿನ ಮೇಲೆ ಕನ್ನಡದಲ್ಲಿ ಪುಸ್ತಕವನ್ನೇ ಬರೆದಿದ್ದಾರೆ. 1886ರಲ್ಲಿ ಜಮಖಂಡಿಯಲ್ಲಿ ಹುಟ್ಟಿ ಅಲ್ಲಿಯ ಪರಶುರಾಮಭಾವು ಹೈಸ್ಕೂಲಿನಲ್ಲಿ ಓದಿದ ಗುರುದೇವ ರಾನಡೆ ಮರಾಠಿ, ಹಿಂದಿ, ಕನ್ನಡ ಮೂರೂ ಭಾಷೆಗಳ ಸಂತರ ಪದಗಳ ಬಗ್ಗೆ ಗ್ರಂಥ ಬರೆದರು. ಮನೆಯಲ್ಲಿ ಉರ್ದು, ಮರಾಠಿ ಆಡುವ ಮಕ್ಕಳು ನನ್ನ ತರಗತಿಯಲ್ಲೂ ಇದ್ದಾರೆ. ಅವರಿಗೆ ಕನ್ನಡ ಒಲಿಯುವುದು ಹಾಡಿನ ದಾರಿಯಿಂದಲೇ ಬೇಗ.

ಸೂಚನೆಯನ್ನು ಮಕ್ಕಳೇ ಬರೆಯಲಿ

ಗಂಟೆ ಬದಲಾದ ಸುದ್ದಿ ಮನೆಗೆ ಮುಟ್ಟುವುದೇ ಒಂದು ಕೆಲಸ. ವಾಟ್ಸ್ಆ್ಯಪ್ ಗುಂಪಿಗೆ ಹಾಕಿದರೆ ಆಯಿತು ಎಂದುಕೊಳ್ಳುತ್ತೇವೆ. ಫೋನ್ ಅಪ್ಪನ ಜೊತೆ ಕಬ್ಬಿನ ಗದ್ದೆಯಲ್ಲಿರುತ್ತದೆ. ಅವ್ವನಿಗೆ ಓದಲು ಬಾರದಿದ್ದರೆ ಸಂದೇಶ ಹಾಗೇ ಉಳಿಯುತ್ತದೆ. ನೆನಪಿಸಬೇಕಾದ ವಿಷಯಗಳೂ ಒಂದೆರಡಲ್ಲ: ಪರೀಕ್ಷಾ ಶುಲ್ಕದ ಕೊನೆಯ ದಿನ, ಹೆಸರು ಮತ್ತು ಜನ್ಮದಿನಾಂಕ ಸರಿಯಿದೆಯೇ ಎಂದು ನೋಡುವುದು, ವಿದ್ಯಾರ್ಥಿವೇತನಕ್ಕೆ ಜಾತಿ-ಆದಾಯ ಪ್ರಮಾಣಪತ್ರ, ಬಸ್ ಪಾಸ್, ಚಿತ್ರಕಲೆಯ ಲೋವರ್ ಮತ್ತು ಹೈಯರ್ ಗ್ರೇಡ್ ಪರೀಕ್ಷೆಯ ಅರ್ಜಿ. ಪರೀಕ್ಷೆಯ ದಿನ ಹಾಲ್‌ಟಿಕೆಟ್ ತೋರಿಸಿದರೆ ಸರ್ಕಾರಿ ಬಸ್ಸಿನಲ್ಲಿ ಉಚಿತವಾಗಿ ಬರಬಹುದು ಎಂಬ ಅನುಕೂಲವೂ ಈಚಿನ ವರ್ಷಗಳಲ್ಲಿದೆ. ಅದು ಗೊತ್ತಿಲ್ಲದೆ ದುಡ್ಡು ಕೊಟ್ಟು ಬಂದ ಹುಡುಗರಿದ್ದಾರೆ.

ನಾವು ಈ ಸೂಚನೆಗಳನ್ನೇ ಭಾಷಾ ಚಟುವಟಿಕೆ ಮಾಡಿಕೊಂಡೆವು. ವಾರಕ್ಕೊಂದು ಗುಂಪು ಸೂಚನೆ ಬರೆಯುತ್ತದೆ. ಫಲಕಕ್ಕೆ ಒಂದು ರೂಪ, ಮನೆಗೆ ಹೇಳಲು ಇನ್ನೊಂದು. ಫಲಕದ ಮೇಲೆ ಪುಸ್ತಕದ ಕನ್ನಡ, ದಿನಾಂಕ, ವೇಳೆ, ಮುಖ್ಯಗುರುಗಳ ಸಹಿ. ಮನೆಯ ರೂಪವನ್ನು ಒಬ್ಬಳು ಫೋನಿನಲ್ಲಿ ತನ್ನ ದನಿಯಲ್ಲೇ ಹೇಳಿ ಕಳಿಸುತ್ತಾಳೆ: “ಶನಿವಾರ ಸಾಲಿ ಮುಂಜಾನೆ ಎಂಟಕ್ಕ ಐತಿ. ಹಳ್ಳ್ಯಾಗಿನವರು ಏಳರ ಬಸ್ಸಿಗೆ ಬರ್ರಿ. ಚಿತ್ರಕಲಾ ಪೀರಿಯಡ್ ಎರಡನೇದು ಐತಿ, ಬಣ್ಣ ತರೂದು ಮರೀಬ್ಯಾಡ್ರಿ.” ಅವ್ವಂದಿರು ಕೇಳಿಸಿಕೊಳ್ಳುತ್ತಾರೆ, ಮಗ್ಗದ ಸಪ್ಪಳದ ನಡುವೆ ಫೋನ್ ಕಿವಿಗಿಟ್ಟುಕೊಂಡಾದರೂ ಕೇಳುತ್ತಾರೆ. ಪತ್ರಲೇಖನದ ಪಾಠ ಪ್ರತ್ಯೇಕವಾಗಿ ಮಾಡುವ ಅಗತ್ಯವೇ ಕಡಿಮೆಯಾಯಿತು. ಯಾವ ಮಾತನ್ನು ಯಾರಿಗೆ ಹೇಗೆ ಹೇಳಬೇಕು ಎಂಬುದನ್ನು ಮಕ್ಕಳು ಕೆಲಸ ಮಾಡುತ್ತಲೇ ಕಲಿತರು.

ಅಂಕದ ಲೆಕ್ಕವೂ ಇದೆ

ಪಾಲಕರು ಕೇಳುವ ನ್ಯಾಯವಾದ ಪ್ರಶ್ನೆ ಒಂದಿದೆ: “ಹಾಡು, ಚಿತ್ರ ಮಾಡ್ಕೋಂತ ಕುಂತ್ರ ಮಾರ್ಕ್ಸ್ ಯಾರು ಕೊಡ್ತಾರ್ರಿ?” ಅಂಕದ ಮಹತ್ವವನ್ನು ನಾನು ಅಲ್ಲಗಳೆಯುವುದಿಲ್ಲ. 2024ರ ಎಸ್ಸೆಸ್ಸೆಲ್ಸಿಯಲ್ಲಿ 625ಕ್ಕೆ 625 ಅಂಕ ಪಡೆದು ರಾಜ್ಯಕ್ಕೆ ಮೊದಲಿಗಳಾದವಳು ಮುಧೋಳ ತಾಲ್ಲೂಕಿನ ಮೆಳ್ಳಿಗೇರಿ ಮೊರಾರ್ಜಿ ದೇಸಾಯಿ ವಸತಿ ಶಾಲೆಯ ವಿದ್ಯಾರ್ಥಿನಿ. ಆ ದಿನ ನಮ್ಮ ಎಲ್ಲ ಶಾಲೆಗಳಲ್ಲೂ ಹಬ್ಬ.

ಆದರೆ ಲೆಕ್ಕ ನೋಡೋಣ. ಆ 625ರಲ್ಲಿ ಪ್ರಥಮ ಭಾಷೆಗೇ 125. ಅದರಲ್ಲಿ 100 ಬರವಣಿಗೆಗೆ, 25 ಆಂತರಿಕ ಅಂಕ. ಉಳಿದ ವಿಷಯಗಳಲ್ಲೂ ತಲಾ 20 ಆಂತರಿಕ ಅಂಕಗಳಿವೆ. ವರ್ಷದಲ್ಲಿ ನಡೆಯುವ ನಾಲ್ಕು ರೂಪಣಾತ್ಮಕ ಮೌಲ್ಯಮಾಪನಗಳಲ್ಲಿ ಮಕ್ಕಳು ಮಾಡಿದ ಚಟುವಟಿಕೆ ಮತ್ತು ಕಿರುಪರೀಕ್ಷೆಗಳಿಂದ ಈ ಅಂಕ ಬರುತ್ತದೆ. ಲಾವಣಿ ಹಾಡಿಸಿ ಅದರ ಇತಿಹಾಸ ಬರೆಸಿದರೆ, ನೇಕಾರರನ್ನು ಸಂದರ್ಶನ ಮಾಡಿಸಿದರೆ ಅದು ನಿಯಮದೊಳಗಿನ ಕೆಲಸವೇ. 2023-24ರಿಂದ ವರ್ಷಕ್ಕೆ ಒಂದಕ್ಕಿಂತ ಹೆಚ್ಚು ಪರೀಕ್ಷೆ ಬರೆದು ಉತ್ತಮ ಅಂಕ ಉಳಿಸಿಕೊಳ್ಳುವ ಅವಕಾಶವೂ ಬಂದಿದೆ. ಭಯಪಟ್ಟು ಕಲೆಯ ಪೀರಿಯಡ್ ಕಿತ್ತುಕೊಳ್ಳಲು ಮೊದಲಿದ್ದಷ್ಟು ಕಾರಣವೂ ಈಗ ಇಲ್ಲ.

ಪ್ರತಿಭಾ ಕಾರಂಜಿ ಇದೆಯಲ್ಲ ಎನ್ನುವವರಿಗೆ ಒಂದು ಮಾತು. ಕ್ಲಸ್ಟರ್, ತಾಲ್ಲೂಕು, ಜಿಲ್ಲೆ, ರಾಜ್ಯ ಮಟ್ಟದವರೆಗೆ ನಡೆಯುವ ಆ ಸ್ಪರ್ಧೆಯ ಮೇಲೆ ನನಗೆ ಬಹಳ ಅಭಿಮಾನ. ಭಾವಗೀತೆ, ಜನಪದ ಗೀತೆ, ಆಶುಭಾಷಣ, ರಂಗೋಲಿಗಳಲ್ಲಿ ಹಳ್ಳಿಯ ಮಕ್ಕಳು ಅಲ್ಲಿ ಬೆಳಗುವುದನ್ನು ನೋಡಿದ್ದೇನೆ. ಆದರೂ ಒಂದು ತರಗತಿಯಿಂದ ಸ್ಪರ್ಧೆಗೆ ಹೋಗುವವರು ಕೆಲವರೇ, ಮೊದಲೇ ಹಾಡಲು ಬರುವವರು. ಹಿಂದಿನ ಬೆಂಚಿನಲ್ಲಿ ದನಿ ಎತ್ತದೆ ಕುಳಿತ ಮಗುವಿಗೆ ವಾರದ ಪೀರಿಯಡ್ ಒಂದೇ ಆಸರೆ.

ಹೊಸ ಪಟ್ಟಿ ಬರೆಯುವ ಮುನ್ನ

ಮುಖ್ಯಗುರುಗಳಿಗೆ, ಎಸ್‌ಡಿಎಂಸಿ ಸದಸ್ಯರಿಗೆ, ಪಾಲಕರಿಗೆ ನನ್ನ ಕೇಳಿಕೆ ಇಷ್ಟು. ಸಮಯ ಕಡಿಮೆಯಾದಾಗ ಪೀರಿಯಡ್‌ಗಳನ್ನು ಕಳೆಯಬೇಡಿ, ಎಲ್ಲವನ್ನೂ ಸಮನಾಗಿ ಗಿಡ್ಡ ಮಾಡಿ. ನಲವತ್ತು ನಿಮಿಷದ ಪೀರಿಯಡ್ ಮೂವತ್ತಕ್ಕೆ ಇಳಿದರೂ ಒಂದು ಹಾಡು, ಒಂದು ಚಿತ್ರ, ಒಂದು ಚರ್ಚೆ ಸಾಧ್ಯ. ಶನಿವಾರದ ಪಟ್ಟಿಯಲ್ಲಿ ಒಂದು ವಾರ ಚಿತ್ರಕಲೆ, ಮರುವಾರ ಹಾಡು ಅಥವಾ ನಾಟಕ ಎಂದು ಸರದಿ ಹಾಕಿ. ಹೆಚ್ಚುವರಿ ತರಗತಿಗಳ ಯೋಜನೆಯಲ್ಲೂ ಕನ್ನಡಕ್ಕೆ ಹಾಡುವ, ಆಡುವ ಪಾಲು ಇರಲಿ. ಗಂಟೆ ಬದಲಿಸುವ ಮೊದಲು ಡಿಪೋದವರ ಜೊತೆ ಬಸ್ಸಿನ ವೇಳೆ ಮಾತಾಡಿ, ಆಮೇಲೆ ಪಟ್ಟಿ ಬರೆಯಿರಿ. ಊರಿನ ಲಾವಣಿಕಾರರನ್ನು, ಶ್ರೀಕೃಷ್ಣ ಪಾರಿಜಾತ ಬಯಲಾಟದ ಕಲಾವಿದರನ್ನು ವರ್ಷಕ್ಕೊಮ್ಮೆಯಾದರೂ ಶಾಲೆಗೆ ಕರೆಯಿರಿ.

ಪಾಲಕರ ಸಭೆಗೆ ಹೋದಾಗ ಗಣಿತದ ಪಾಠ ಎಲ್ಲಿಗೆ ಬಂತು ಎಂದು ತಪ್ಪದೆ ಕೇಳುತ್ತೀರಿ. ಅದರ ಜೊತೆಗೇ, ನನ್ನ ಮಗಳ ಚಿತ್ರಕಲೆಯ ಪೀರಿಯಡ್ ಯಾವ ವಾರ, ನನ್ನ ಮಗ ಈ ತಿಂಗಳು ಏನು ಹಾಡಿದ ಎಂದೂ ಕೇಳಿ. ಪಾಲಕರು ಕೇಳುತ್ತಾರೆಂದು ಗೊತ್ತಾದ ಪೀರಿಯಡ್‌ಗೆ ಯಾವ ಶಾಲೆಯೂ ಕೈ ಹಚ್ಚುವುದಿಲ್ಲ.